ಗೋದಲಿಯ ಗಾನ ಮತ್ತು ಶಿರಾ ಸೀಮೆ

ಶಿರಾ ಪಟ್ಟಣದ ಜುಮ್ಮಾ ಮಸೀದಿಯು ಕಡೆದ ಕಲ್ಲಿನಲ್ಲಿ ಎದ್ದುನಿಂತದ್ದು 1696ರಲ್ಲಿ. ಅದಕ್ಕೆ ಒಂಬತ್ತು ವರ್ಷಗಳ ಹಿಂದೆ, ಬಿಜಾಪುರದ ಆದಿಲಶಾಹಿ ಅಸ್ತಂಗತವಾದ ಮರುವರ್ಷವೇ, ಔರಂಗಜೇಬನ ಸೇನಾನಿಯಾದ ಖಾಸಿಂ ಖಾನನು ಈ ಊರನ್ನು ಮೊಗಲರ ಹೊಸದೊಂದು ಸುಬೆಗೆ ರಾಜಧಾನಿಯಾಗಿ ಮಾಡಿಕೊಂಡು, ಬಸವಾಪಟ್ಟಣ, ಬೂದಿಹಾಳು, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಮತ್ತು ಶಿರಾ ಎಂಬ ಏಳು ಪರಗಣೆಗಳ ಆಡಳಿತವನ್ನು ಇಲ್ಲಿಂದಲೇ ನಡೆಸತೊಡಗಿದ್ದನು. ನೆರೆಯ ಮಧುಗಿರಿಯ ದುರ್ಗವಾದರೋ, ಇನ್ನೂ ಮದ್ದಗಿರಿಯೆಂದೇ ಕರೆಯಿಸಿಕೊಳ್ಳುತ್ತಿದ್ದ ಆ ಕಾಲದಲ್ಲಿ, 1678ರಷ್ಟು ಹಿಂದೆಯೇ ಪಾಳೆಯಗಾರರ ಕೈತಪ್ಪಿ ಚಿಕ್ಕದೇವರಾಜ ಒಡೆಯರ ರಾಜ್ಯಕ್ಕೆ ಸೇರಿಹೋಗಿತ್ತು. ಶಿರಾದಲ್ಲಿ ಮಸೀದಿಯ ಕೆಲಸ ಮುಗಿಯುತ್ತಿದ್ದ ದಿನಗಳಲ್ಲಿ, ಜರ್ಮನಿಯ ಓರ್‌ಡ್ರುಫ್ ಎಂಬ ಸಣ್ಣ ಊರಿನಲ್ಲಿ, ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಅಣ್ಣನ ಆಶ್ರಯಕ್ಕೆ ಬಂದಿದ್ದ ಹತ್ತು ಹನ್ನೊಂದು ವರ್ಷದ ಬಾಲಕನೊಬ್ಬನು, ಅಣ್ಣನು ಕೊಡಲೊಪ್ಪದಿದ್ದ ಸಂಗೀತದ ಪುಸ್ತಕವೊಂದನ್ನು ಬೀರುವಿನ ಜಾಲರಿಯೊಳಗಿನಿಂದ ಹೊರಗೆಳೆದು, ದೀಪಕ್ಕೂ ಗತಿಯಿಲ್ಲದೆ ಬೆಳುದಿಂಗಳಿನಲ್ಲಿ ನಕಲು ಮಾಡಿಕೊಂಡನೆಂದು ಅವನ ಮರಣಾನಂತರ ಪ್ರಕಟವಾದ ಚರಿತ್ರೆಯಲ್ಲಿ ಹೇಳಿದೆ. ಆ ಬಾಲಕನೇ ಯೋಹಾನ್ ಸೆಬಾಸ್ಟಿಯನ್ ಬಾಖ್. ಅವನು ಹುಟ್ಟಿದ 1685ರಲ್ಲಿಯೇ ಹುಟ್ಟಿದ ಹ್ಯಾಂಡಲನು ಹಾಲೆ ಎಂಬ ಪಟ್ಟಣದಲ್ಲಿ ಬೆಳೆಯುತ್ತಿದ್ದನು.

ಕ್ರಿಸ್ಮಸ್ ಹಬ್ಬದ ಕಾಲದಲ್ಲಿ ಇಂದು ಲೋಕದ ಅನೇಕ ದೊಡ್ಡ ನಗರಗಳಲ್ಲಿ ಗಾಯಕವೃಂದ ವಾದ್ಯವೃಂದಗಳು ಕೂಡಿ ಹಾಡುವ ಬರೋಕ್ ಎಂದು ಹೆಸರಾದ ಯುರೋಪಿನ ಸಂಗೀತಯುಗದ ಪವಿತ್ರಕೃತಿಗಳ ಕಾಲವನ್ನು ಗೊತ್ತುಮಾಡಿಕೊಂಡು ನೋಡಿದರೆ, ಅವುಗಳಲ್ಲಿ ಮುಖ್ಯವಾದುವು ಶಿರಾ ಮೊಗಲ್ ಸುಬೆಯ ರಾಜಧಾನಿಯಾಗಿದ್ದ ಎಪ್ಪತ್ತು ವರ್ಷಗಳೊಳಗೆ, ಎಂದರೆ 1687ರಿಂದ 1757ರೊಳಗೆ, ಅಡಕವಾಗಿರುವುದು ಕಂಡುಬರುತ್ತದೆ. ಪ್ಯಾರಿಸ್ಸಿನಲ್ಲಿ ಶಾರ್ಪಾಂತಿಯೆ ಎಂಬವನು ನಡುರಾತ್ರಿಯ ಪೂಜೆಗಾಗಿ ಸಂಗೀತ ರಚಿಸಿದ್ದು 1694ರ ಸುಮಾರಿನಲ್ಲಿ. ಇಟಲಿಯ ಕೊರೆಲ್ಲಿಯ ಕ್ರಿಸ್ಮಸ್ ಕನ್ಸರ್ಟೊ ಎಂಬ ವಾದ್ಯಕೃತಿ ಅಚ್ಚಾಗಿ ಹೊರಬಂದದ್ದು 1714ರಲ್ಲಿ. ಧರ್ಮಕಥೆಯನ್ನು ಅಭಿನಯವಿಲ್ಲದೆ ಹಾಡುಗಳಲ್ಲಿಯೇ ನಿರೂಪಿಸುವ ಒರಟೋರಿಯೋ ಎಂಬ ಬಗೆಗೆ ಸೇರಿದ ಬಾಖನ ಕ್ರಿಸ್ಮಸ್ ಒರಟೋರಿಯೋವನ್ನು ಲೈಪ್‌ಜಿಗ್ಗಿನ ಜನರು ಮೊದಲು ಕೇಳಿದ್ದು 1734ರ ಡಿಸೆಂಬರಿನಲ್ಲಿ. ಹ್ಯಾಂಡಲನ ಮೆಸೈಯಾ ಎಂಬ ಒರಟೋರಿಯೋ ಡಬ್ಲಿನ್ನಿನಲ್ಲಿ ಮೊದಲ ಬಾರಿಗೆ ನಡೆದದ್ದು 1742ರಲ್ಲಿ. ಆ ಕಾಲದ ಕನ್ನಡ ನಾಡು ಗಾನದಲ್ಲಿ ಬಡವಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಚಿಕ್ಕದೇವರಾಜರ ಆಸ್ಥಾನದಿಂದ ಗೀತಗೋಪಾಲದಂತಹ ಗೇಯಕೃತಿ ಹೊರಟದ್ದೂ, ಬಾಖನಿಗಿಂತ ಮೂರು ವರ್ಷ ಹಿರಿಯರಾದ ವಿಜಯದಾಸರು ತಮ್ಮ ಸುಳಾದಿಗಳಿಂದ ದಾಸಪರಂಪರೆಗೆ ಹೊಸ ಚೈತನ್ಯವನ್ನು ತಂದದ್ದೂ ಇದೇ ಅವಧಿಯಲ್ಲಿ. ಭಕ್ತಿಯು ಗಾನವಾಗಿ ಹರಿದ ಈ ಎರಡು ಪ್ರವಾಹಗಳು ಕೊನೆಗೆ ಕನ್ನಡದ ಮಣ್ಣಿನಲ್ಲಿಯೇ ಸಂಧಿಸಿದ ಕಥೆ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಾಕಷ್ಟು ಬರೆಯಲ್ಪಟ್ಟಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಓದುಗರಿಗೆ ಅದನ್ನು ಅವರದೇ ಸೀಮೆಯ ಕಾಲಮಾನದಲ್ಲಿ ಇಟ್ಟು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ಬರೋಕ್ ಯುಗದ ಈ ಸಂಗೀತವು ನಮ್ಮ ಸಂಗೀತದ ಅಭ್ಯಾಸವುಳ್ಳ ಕಿವಿಗೆ ಮೊದಲು ವಿಚಿತ್ರವಾಗಿ ತೋರುವುದು ಸಹಜ. ನಮ್ಮಲ್ಲಿ ತಂಬೂರಿಯ ಶ್ರುತಿ ಅಚಲವಾಗಿ ನಿಂತಿರಲು, ಅದರ ಮೇಲೆ ರಾಗವೊಂದು ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬರೋಕ್ ಸಂಗೀತದಲ್ಲಿ ಕೆಳಗಿನ ಸ್ವರವೇ ನಡೆಯುತ್ತದೆ: ಚೆಲ್ಲೊ ವಾದ್ಯವೂ ಆರ್ಗನ್ನೂ ಕೂಡಿ ನುಡಿಸುವ ಮಂದ್ರದ ಒಂದು ಸಾಲು ಕೃತಿಯ ಆದಿಯಿಂದ ಅಂತ್ಯದವರೆಗೆ ಎಡೆಬಿಡದೆ ಹೆಜ್ಜೆಯಿಡುತ್ತಿರುತ್ತದೆ, ಅದರ ಆಧಾರದ ಮೇಲೆ ಸ್ತ್ರೀಯರ ಅಥವಾ ಬಾಲಕರ ತಾರ ಮತ್ತು ಮಧ್ಯಮ ಕಂಠಗಳು, ಪುರುಷರ ಏರುಕಂಠ ಮತ್ತು ಮಂದ್ರಕಂಠಗಳು, ಹೀಗೆ ನಾಲ್ಕು ಎಳೆಗಳು ತಮ್ಮತಮ್ಮ ದಾರಿಯಲ್ಲಿ ನಡೆದರೂ ಒಂದೊಂದು ಮಾತ್ರೆಯಲ್ಲಿಯೂ ಒಂದಕ್ಕೊಂದು ಹೊಂದಿಕೊಂಡು ನಿಲ್ಲಬೇಕು. ಅಲ್ಲಿ ರಚನಕಾರನು ಈ ಎಳೆಗಳ ಪ್ರತಿಯೊಂದು ಸ್ವರವನ್ನೂ ಬರೆದಿಡುತ್ತಾನೆ. ಆದರೆ ಮಂದ್ರದ ಸಾಲಿನ ಮೇಲೆ ಆರ್ಗನ್ ನುಡಿಸುವವನು ಕೂಡಿಸಬೇಕಾದ ಸ್ವರಗಳನ್ನು ಮಾತ್ರ ಅಂಕೆಗಳಿಂದ ಸೂಚಿಸಿ, ಉಳಿದುದನ್ನು ಅವನ ಮನೋಧರ್ಮಕ್ಕೆ ಬಿಡುತ್ತಾನೆ. ಮನೋಧರ್ಮದ ಬೆಲೆಯನ್ನು ಬಲ್ಲ ನಮ್ಮವರು ಆ ಯುಗದ ಸಂಗೀತವನ್ನು ಸಮೀಪಿಸಲು ಇದು ಒಳ್ಳೆಯ ಬಾಗಿಲೆಂದು ನನಗೆ ತೋರುತ್ತದೆ.

ಯುರೋಪಿನ ಪವಿತ್ರಸಂಗೀತದ ನೆಲೆಗಳಿಂದ ಕನ್ನಡ ನಾಡಿಗೆ ಬಂದವರು ಆ ಕಾಲಕ್ಕೆ ಮುಂಚೆಯೂ ಆ ಕಾಲದಲ್ಲಿಯೂ ಇದ್ದರು. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಎಂಬವನು ಗೋವೆಯಿಂದ ಬಂದು, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648-49ರ ವೇಳೆಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿನ ಬುನಾದಿ ಹಾಕಿ, ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಬರೆದನು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಫ್ರೆಂಚ್ ಜೆಸುಯಿಟರು ಪೂರ್ವದ ಕಡೆಯಿಂದ ಬಂದು, ಮಧುಗಿರಿಗೆ ಬಹಳ ದೂರವಲ್ಲದ ಚಿಕ್ಕಬಳ್ಳಾಪುರದ ಪ್ರಾಂತದವರೆಗೆ ತಮ್ಮ ಕೆಲಸವನ್ನು ಹಬ್ಬಿಸಿದರು. ಮೇಲೆ ಹೇಳಿದ ಶಾರ್ಪಾಂತಿಯೆ ಪ್ಯಾರಿಸ್ಸಿನಲ್ಲಿ ಇದೇ ಜೆಸುಯಿಟರ ಚರ್ಚಿಗೆ ಸಂಗೀತಾಚಾರ್ಯನಾಗಿದ್ದವನು. ಬೀದಿಯ ಜನರು ಕ್ರಿಸ್ಮಸ್ಸಿನಲ್ಲಿ ಹಾಡುತ್ತಿದ್ದ ಹಳೆಯ ಹಾಡುಗಳ ಮಟ್ಟುಗಳನ್ನೇ ಎತ್ತಿಕೊಂಡು, ಲ್ಯಾಟಿನ್ನಿನ ಗಂಭೀರವಾದ ಪೂಜಾವಿಧಿಗೆ ಅವನ್ನು ಹೊಂದಿಸಿದ್ದು ಅವನ ವೈಶಿಷ್ಟ್ಯ. ಜನಸಾಮಾನ್ಯರ ಬಾಯಲ್ಲಿದ್ದ ಮಟ್ಟು ದೇವರ ಸನ್ನಿಧಿಗೆ ಏರುವುದು ಈ ಯುಗದ ಕ್ರಿಸ್ಮಸ್ ಸಂಗೀತದ ಮುಖ್ಯಲಕ್ಷಣವೆಂದೇ ಹೇಳಬಹುದು, ಮತ್ತು ಅದನ್ನು ನೋಡಲು ರೋಮಿನ ಕುರುಬರ ಕಡೆಗೆ ತಿರುಗಬೇಕು.

ಲೂಕನ ಸುವಾರ್ತೆಯಲ್ಲಿ ಮಗುವು ಗೋದಲಿಯಲ್ಲಿ ಮಲಗಿರುವ ವಾರ್ತೆಯು ಮೊದಲು ತಲಪುವುದು ಅರಮನೆಗಲ್ಲ, ರಾತ್ರಿಯಲ್ಲಿ ಬಯಲಿನಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಆ ಪ್ರಸಂಗದ ನೆನಪಿಗಾಗಿ ಇಟಲಿಯ ಬೆಟ್ಟಸೀಮೆಯ ಕುರುಬರು ಪ್ರತಿ ವರ್ಷವೂ ಕ್ರಿಸ್ಮಸ್ಸಿನ ಮುಂಚಿನ ವಾರಗಳಲ್ಲಿ ರೋಮ್ ನಗರಕ್ಕೆ ಇಳಿದುಬಂದು, ಒಬ್ಬನು ಕುರಿಯ ಚರ್ಮದ ತಿದಿಗೆ ಕೊಳವೆಗಳನ್ನು ಕಟ್ಟಿದ ವಾದ್ಯದಲ್ಲಿ ಶ್ರುತಿ ಹಿಡಿಯಲು, ಇನ್ನೊಬ್ಬನು ಮರದ ಸಣ್ಣ ಓಲಗದಲ್ಲಿ ಜೋಗುಳದಂತಹ ಮಟ್ಟನ್ನು ನುಡಿಸುತ್ತ, ಮರಿಯಮ್ಮನ ಪ್ರತಿಮೆಗಳ ಮುಂದೆ ನಿಲ್ಲುತ್ತಿದ್ದರು. ಕೊರೆಲ್ಲಿಯು ತನ್ನ ಕನ್ಸರ್ಟೊವಿನ ಕೊನೆಯಲ್ಲಿ ಇರಿಸಿದ ಗೋಪಗೀತವು ಈ ಕುರುಬರ ವಾದನವನ್ನೇ ಪಿಟೀಲುಗಳಿಗೆ ತಂದದ್ದು: ಮೂರು ಮೂರು ಮಾತ್ರೆಗಳ ನಾಲ್ಕು ಗುಂಪುಗಳಾಗಿ ತೂಗುವ ಲಯ, ಕೆಳಗೆ ಬಹುಹೊತ್ತು ಕದಲದೆ ನಿಲ್ಲುವ ಮಂದ್ರಸ್ವರ, ಅದರ ಮೇಲೆ ಜೊತೆಜೊತೆಯಾಗಿ ಇಳಿಯುವ ಎರಡು ಎಳೆಗಳು. ತರುಣ ಹ್ಯಾಂಡಲನು 1707-08ರಲ್ಲಿ ರೋಮಿನಲ್ಲಿದ್ದನು. ಅವನ ಒರಟೋರಿಯೋ ಒಂದಕ್ಕೆ ಕೊರೆಲ್ಲಿಯೇ ವಾದ್ಯವೃಂದದ ಮುಂದಾಳಾಗಿ ಪಿಟೀಲು ಹಿಡಿದನು. ಮೂವತ್ತಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಮೆಸೈಯಾದಲ್ಲಿ ಕುರುಬರ ಪ್ರಸಂಗ ಬಂದಾಗ, ಹಾಡುವವರನ್ನೆಲ್ಲ ಸುಮ್ಮನಿರಿಸಿ, ವಾದ್ಯಗಳಿಗೆ ಮಾತ್ರ ಬರೆದ ಚಿಕ್ಕ ಭಾಗಕ್ಕೆ ಅವನು ಇಟ್ಟ ಹೆಸರು ಪೀಫಾ. ಅದು ಆ ಕುರುಬರ ಓಲಗದ ಹೆಸರಿನಿಂದಲೇ ಬಂದದ್ದು. ಬಾಖನು ರೋಮನ್ನು ಕಂಡವನಲ್ಲ. ಆದರೂ ಅವನ ಕ್ರಿಸ್ಮಸ್ ಒರಟೋರಿಯೋದ ಎರಡನೆಯ ಭಾಗವು ಇಂತಹದೇ ಗೋಪಸಂಗೀತದಿಂದ ಆರಂಭವಾಗುತ್ತದೆ. ಅದರಲ್ಲಿ ಪಿಟೀಲು ಕೊಳಲುಗಳು ದೇವದೂತರ ಪರವಾಗಿಯೂ, ನಾಲ್ಕು ಓಬೊ ವಾದ್ಯಗಳು ಕುರುಬರ ಪರವಾಗಿಯೂ ನುಡಿದು, ಕೊನೆಗೆ ಎರಡು ಪಂಗಡಗಳೂ ಕೂಡಿಕೊಳ್ಳುತ್ತವೆಂದು ಬಾಖನನ್ನು ಕುರಿತು ಬರೆದ ಆಲ್ಬರ್ಟ್ ಶ್ವೈಟ್ಜರ್ ಮಾಡಿದ ವ್ಯಾಖ್ಯಾನವು ಕೇಳಿದವರಿಗೆ ಒಪ್ಪಿಗೆಯಾಗದೆ ಇರುವುದಿಲ್ಲ.

ಇದನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವುಂಟು. ಪಾವಗಡದ ಬಯಲುಗಳಲ್ಲಿ, ಜಯಮಂಗಲಿಯ ಹೊಳೆ ಹರಿಯುವ ಕೊರಟಗೆರೆ ಮಧುಗಿರಿಗಳ ಬೆಟ್ಟದ ಅಡಿಗಳಲ್ಲಿ, ಶಿರಾದ ಕಾವಲುಗಳಲ್ಲಿ ಕುರಿದನಗಳ ಹಿಂಡಿನ ಹಿಂದೆ ಬಾಳಿದ ಜನಕ್ಕೆ ಈ ಪ್ರಸಂಗ ಪರಕೀಯವಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಗುಡ್ಡೆಯಲ್ಲಿ ನೆಲೆಸಿರುವ ಜುಂಜಪ್ಪನು ಕಾಡುಗೊಲ್ಲರ ಆರಾಧ್ಯದೈವ, ಹಿಂಡುಗಳ ರಕ್ಷಕ. ಅವನ ಕಾವ್ಯವನ್ನು ಹಾಡುವವರು ಉದ್ದನೆಯ ಬಿದಿರಿನ ಗಣೆಯನ್ನು ಊದಿ, ಊದಿದ ಉಸಿರು ಮುಗಿದಲ್ಲಿ ಕಂಠವೆತ್ತಿ, ಕಂಠ ನಿಂತಲ್ಲಿ ಮತ್ತೆ ಗಣೆಯೆತ್ತಿ, ರಾತ್ರಿಯೆಲ್ಲ ಕಥೆಯನ್ನು ನಡೆಸುತ್ತಾರೆ. ಗಣೆಯ ನಾದವನ್ನು ಕೇಳಿ ಬೆಳೆದ ಕಿವಿಯು ಕೊರೆಲ್ಲಿಯ ಗೋಪಗೀತವನ್ನು ಕೇಳಿದರೆ, ಹಿಂಡಿನ ಬಳಿ ಹುಟ್ಟಿದ ನಾದವನ್ನೇ ದೇವರಿಗೆ ಒಪ್ಪಿಸುವ ಬಗೆಯನ್ನು, ಯಾರೂ ಬಿಡಿಸಿ ಹೇಳದಿದ್ದರೂ ಕಂಡುಕೊಳ್ಳುವುದೆಂದು ನಾನು ನಂಬಿದ್ದೇನೆ.

ಇನ್ನು 1734ರ ಲೈಪ್‌ಜಿಗ್ಗಿಗೆ ಬರೋಣ. ಶಿರಾದಲ್ಲಿ ಆ ಶತಮಾನದ ಪೂರ್ವಾರ್ಧದ ಸುಬೇದಾರರಲ್ಲಿ ಹೆಸರಾದವನು ದಿಲಾವರ ಖಾನ್. ಅವನ ಅರಮನೆಯ ಮಾದರಿಯನ್ನೇ ಹೈದರನು ಬೆಂಗಳೂರು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅನುಸರಿಸಿದನೆಂದು ಪ್ರತೀತಿ. ಲೈಪ್‌ಜಿಗ್ಗಿನ ಬಾಖನು ಯಾವ ಅರಮನೆಯ ಸೇವಕನೂ ಅಲ್ಲ. ಸಂತ ತೋಮನ ಶಾಲೆಯಲ್ಲಿ ಹುಡುಗರಿಗೆ ಹಾಡು ಕಲಿಸುತ್ತ, ಊರಿನ ಚರ್ಚುಗಳ ಆರಾಧನೆಗೆ ಸಂಗೀತ ಒದಗಿಸುವ ಹೊಣೆ ಹೊತ್ತವನು. ಅವನ ಕ್ರಿಸ್ಮಸ್ ಒರಟೋರಿಯೋ ಒಂದೇ ಸಂಜೆಯಲ್ಲಿ ಕೇಳಿ ಮುಗಿಸಬೇಕಾದ ಕೃತಿಯಾಗಿ ಹುಟ್ಟಲಿಲ್ಲ. ಡಿಸೆಂಬರ್ 25ರಿಂದ ಜನವರಿ 6ರವರೆಗಿನ ಆರು ಹಬ್ಬದ ದಿನಗಳಿಗೆ ಆರು ಭಾಗಗಳಾಗಿ, ಸಂತ ತೋಮನ ಮತ್ತು ಸಂತ ನಿಕೊಲಾಸನ ಚರ್ಚುಗಳಲ್ಲಿ, ವಾಚನ ಪ್ರವಚನ ಪ್ರಾರ್ಥನೆಗಳ ನಡುವೆ ಅದು ನಡೆಯಿತು. ಮೊದಲ ಭಾಗವು ಟಿಂಪನಿ ಎಂಬ ನಗಾರಿಯ ಏಕಾಕಿಯಾದ ಐದು ಪೆಟ್ಟುಗಳಿಂದ ಆರಂಭವಾಗುತ್ತದೆ. ಅದಕ್ಕೆ ಕೊಳಲು ಉತ್ತರ ಕೊಡುತ್ತದೆ, ಓಬೊ ಕೂಡಿಕೊಳ್ಳುತ್ತದೆ, ಪಿಟೀಲುಗಳು ಇಳಿಜಾರಿನಲ್ಲಿ ಧುಮುಕುತ್ತವೆ, ಮೂರು ತುತ್ತೂರಿಗಳು ಏರಿ ಬರುತ್ತವೆ, ಆಮೇಲೆ ಗಾಯಕರೆಲ್ಲರೂ ಒಂದೇ ಕಂಠವಾಗಿ, ಆ ನಗಾರಿಯ ಪೆಟ್ಟುಗಳ ಸ್ವರದಲ್ಲಿಯೇ ಹರ್ಷೋದ್ಗಾರ ಮಾಡುತ್ತಾರೆ. ಆ ಟಿಂಪನಿಯೂ, ಮೊಗಲ್ ಅಧಿಕಾರದ ಗೌರವಚಿಹ್ನೆಯಾಗಿದ್ದ ನಗಾರಿಯೂ ಪಶ್ಚಿಮ ಏಷ್ಯದ ಒಂದೇ ವಾದ್ಯಕುಲದಲ್ಲಿ ಹುಟ್ಟಿದವು. ಮೊದಲ ಭಾಗದ ಈ ಆರಂಭದ ಮೇಳವನ್ನು ಬಾಖನು ಮೊದಲು ರಚಿಸಿದ್ದು ಹಿಂದಿನ ವರ್ಷ, 1733ರಲ್ಲಿ, ಸ್ಯಾಕ್ಸನಿಯ ದೊರೆಯ ರಾಣಿಯ ಜನ್ಮದಿನಕ್ಕಾಗಿ. ರಾಣಿಗಾಗಿ ಒಮ್ಮೆ ನುಡಿದು ಸುಮ್ಮನಾಗಲಿದ್ದ ಸಂಗೀತವನ್ನು ಗೋದಲಿಯ ಮಗುವಿಗೆ ಒಪ್ಪಿಸಿ ಅದಕ್ಕೆ ಚಿರಾಯುಸ್ಸನ್ನು ಕೊಟ್ಟನು.

ಈ ಕೃತಿಯ ಬೆನ್ನೆಲುಬಾಗಿರುವುದು ಕೊರಾಲ್ ಎಂಬ ಸಭಾಗೀತಗಳು. ಮಾರ್ಟಿನ್ ಲೂಥರನು ಹದಿನಾರನೆಯ ಶತಮಾನದಲ್ಲಿ, ಪುರೋಹಿತರ ಬಾಯಿಯಲ್ಲಿದ್ದ ಆರಾಧನೆಯನ್ನು ಸಭೆಯ ಜನರೆಲ್ಲರ ಬಾಯಿಗೆ ತರಲು, ಜನಭಾಷೆಯಲ್ಲಿ, ಜನರಿಗೆ ಎಟಕುವ ಮಟ್ಟುಗಳಲ್ಲಿ ಹಾಡುಗಳನ್ನು ಕಟ್ಟಿ ಪ್ರಚಾರಕ್ಕೆ ತಂದನು. ಅವನು ಮಕ್ಕಳಿಗಾಗಿ ಬರೆದ ಕ್ರಿಸ್ಮಸ್ ಹಾಡಿನ ಮಟ್ಟು ಬಾಖನ ಈ ಕೃತಿಯಲ್ಲಿ ಮೂರು ಸಲ ಬರುತ್ತದೆ. ಇನ್ನೊಂದು ಮಟ್ಟು, ಹಾಸ್ಲರ್ ಎಂಬವನು 1601ರಲ್ಲಿ ಪ್ರಣಯಗೀತಕ್ಕಾಗಿ ರಚಿಸಿ, ಕಾಲಕ್ರಮದಲ್ಲಿ ಯೇಸುವಿನ ಶ್ರಮೆಯ ಹಾಡಿಗೆ ಸೇರಿಹೋದದ್ದು, ಒರಟೋರಿಯೋದ ಮೊದಲ ಕೊರಾಲಿನಲ್ಲಿ ಮೃದುವಾಗಿ, ಮೊರೆಯಿಡುವಂತೆ ಬಂದು, ಆರನೆಯ ಭಾಗದ ಕಟ್ಟಕಡೆಯಲ್ಲಿ ತುತ್ತೂರಿ ನಗಾರಿಗಳ ಜಯಘೋಷದ ನಡುವೆ ಮರಳಿ ಬರುತ್ತದೆ. ಹುಟ್ಟಿನ ಹಬ್ಬದ ಸಂಗೀತವನ್ನು ಮರಣವನ್ನು ನೆನಪಿಸುವ ಮಟ್ಟಿನಿಂದ ತೊಡಗಿಸಿ, ಅದನ್ನೇ ವಿಜಯದ ಧ್ವನಿಯಾಗಿ ಮುಗಿಸಿದ ಈ ಯೋಜನೆಯ ಎದುರಿಗೆ ನಾನು ಪ್ರತಿ ಸಲವೂ ಮೂಕನಾಗುತ್ತೇನೆ. ಲೈಪ್‌ಜಿಗ್ಗಿನ ಸಾಮಾನ್ಯ ವ್ಯಾಪಾರಿಗೂ ಮನೆಯ ಆಳಿಗೂ ಆ ಮಟ್ಟುಗಳು ಬಾಲ್ಯದಿಂದ ಬಾಯಿಪಾಠವಾಗಿದ್ದುದರಿಂದ, ಸಂಗೀತಶಾಸ್ತ್ರವನ್ನು ಅರಿಯದವರೂ ಅದರ ಅರ್ಥವನ್ನು ಅರಿಯಬಲ್ಲವರಾಗಿದ್ದರು.

ಹ್ಯಾಂಡಲನ ಮೆಸೈಯಾದ ಕಥೆ ಎಲ್ಲರೂ ಬಲ್ಲದ್ದೇ. ಎರಡು ಮಾತು ಸಾಕು. 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರೊಳಗೆ, ಕೇವಲ 24 ದಿನಗಳಲ್ಲಿ ಬರೆದು ಮುಗಿಸಿದ ಈ ಕೃತಿಯು 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಮೊದಲು ಕೇಳಿಬಂದಾಗ, ಜನಸಂದಣಿಗೆ ಜಾಗ ಸಾಲದೆಂದು, ಸ್ತ್ರೀಯರು ಬಳೆಗಟ್ಟಿದ ಲಂಗಗಳನ್ನು ತೊಡದೆ, ಪುರುಷರು ಖಡ್ಗ ಧರಿಸದೆ ಬರಬೇಕೆಂದು ಪತ್ರಿಕೆಯಲ್ಲಿ ಬಿನ್ನಹ ಮಾಡಲಾಗಿತ್ತು. ಅಂದು ಕೂಡಿದ ಹಣವು ಎರಡು ಆಸ್ಪತ್ರೆಗಳಿಗೂ, ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಸಂದು, 142 ಜನ ಋಣಬಂಧಿಗಳು ಬಂಧಮುಕ್ತರಾದರು. ಕ್ರಿಸ್ಮಸ್ಸಿಗೆ ರೂಢಿಯಾಗುವ ಮೊದಲು ಇದು ಈಸ್ಟರ್ ಕಾಲದ ಸಂಗೀತವಾಗಿತ್ತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಶತಮಾನದ ಉತ್ತರಾರ್ಧವು ಶಿರಾಕ್ಕೂ ಬಾಖನ ಸಂಗೀತಕ್ಕೂ ಕ್ಷೀಣಕಾಲವಾಗಿ ಪರಿಣಮಿಸಿತು. 1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. 1761ರಲ್ಲಿ ಹೈದರನು ಬಸಾಲತ ಜಂಗನ ನೆರವಿನಿಂದ ಅದನ್ನು ಗೆದ್ದು ಶಿರಾದ ನವಾಬನೆಂಬ ಬಿರುದನ್ನು ಪಡೆದನು. ಬಿದನೂರಿನ ರಾಣಿ ವೀರಮ್ಮಾಜಿಯನ್ನು 1763ರಲ್ಲಿ ಸೆರೆಹಿಡಿದು ಮಧುಗಿರಿಯ ದುರ್ಗದಲ್ಲಿರಿಸಿದನು. ಮುಂದೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮನ್ನು ಜನಭರಿತವಾಗಿಸಲು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದರೆಂದು ರೈಸನ ಮೈಸೂರು ಗೆಜೆಟಿಯರು ಹೇಳುತ್ತದೆ. ಅತ್ತ ಬಾಖನು 1750ರಲ್ಲಿ ತೀರಿಕೊಂಡ ಬಳಿಕ ಕ್ರಿಸ್ಮಸ್ ಒರಟೋರಿಯೋದ ಹಸ್ತಪ್ರತಿ ಮಗನ ಪಾಲಿಗೆ ಹೋಗಿ, ಹಾಡುವವರಿಲ್ಲದೆ ನೂರು ವರ್ಷಕ್ಕೂ ಮಿಗಿಲಾಗಿ ಮೌನವಾಯಿತು. ಆದರೆ ಆ ಕೃತಿಗೆ ಆಧಾರವಾಗಿದ್ದ ಕೊರಾಲುಗಳು ಮೌನವಾಗಲಿಲ್ಲ. ಅವು ಹಳ್ಳಿಯ ಚರ್ಚುಗಳಲ್ಲಿ, ಮನೆಯ ಪ್ರಾರ್ಥನೆಗಳಲ್ಲಿ ಬಾಳಿದವು.

ಈ ಕಥೆ ಕನ್ನಡಕ್ಕೆ ತಿರುಗುವುದು ಇಲ್ಲಿಯೇ. ಒರಟೋರಿಯೋ ಮೊದಲು ನಡೆದ 1734ಕ್ಕೆ ಸರಿಯಾಗಿ ನೂರು ವರ್ಷಗಳ ಬಳಿಕ, 1834ರ ಅಕ್ಟೋಬರ್ 30ರಂದು, ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದನು. 1837ರಲ್ಲಿ ಧಾರವಾಡದ, 1839ರಲ್ಲಿ ಹುಬ್ಬಳ್ಳಿಯ ನೆಲೆಗಳು ಆರಂಭವಾದವು. ಇವರಲ್ಲಿ ಹಲವರು ದಕ್ಷಿಣ ಜರ್ಮನಿಯ ಭಕ್ತಿಪಂಥದ ಮನೆಗಳಲ್ಲಿ ಬೆಳೆದು, ಮನೆಯಲ್ಲಿಯೇ ಕೊರಾಲುಗಳನ್ನು ಹಾಡುತ್ತ ಬಾಳಿದವರು. ಬರ್ಲಿನ್ನಿನಲ್ಲಿ ಕ್ರಿಸ್ಮಸ್ ಒರಟೋರಿಯೋಗೆ ಪುನರ್ಜನ್ಮ ಬಂದದ್ದು 1857ರಲ್ಲಿ. ಆದುದರಿಂದ ಈ ಪಾದ್ರಿಗಳು ಕಡಲು ದಾಟಿದಾಗ ಆ ಮಹಾಕೃತಿಯನ್ನು ಕಿವಿಯಿಂದ ಕೇಳಿದವರಾಗಿರುವುದು ಶಕ್ಯವೇ ಇರಲಿಲ್ಲ. ಆದರೂ ಅದರ ಬೇರಾಗಿದ್ದ ಕೊರಾಲಿನ ಪರಂಪರೆಯನ್ನು ಅವರು ಕಂಠಸ್ಥವಾಗಿ ತಂದರು. ಜರ್ಮನ್ ಮಟ್ಟುಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿ ಸಭೆಗಳಲ್ಲಿ ಹಾಡಿಸಿದರು. ಬರೋಕ್ ಯುಗದ ಮಹಾಪ್ರಾಸಾದಕ್ಕಿಂತ ಮುಂಚೆ ಅದರ ತಳಗಲ್ಲೇ ಕನ್ನಡ ನಾಡನ್ನು ತಲಪಿತೆಂಬುದು ಈ ಚರಿತ್ರೆಯ ಅತ್ಯಂತ ಗಮನಾರ್ಹವಾದ ಸಂಗತಿಯೆಂದು ನನ್ನ ದೃಢವಾದ ಅಭಿಪ್ರಾಯ.

ಅದು ಸುಲಭವಾದ ಕೆಲಸವಾಗಿರಲಿಲ್ಲ. ಜರ್ಮನ್ ಹಾಡಿನ ನಡೆಯು ಮಾತಿನ ಒತ್ತಿನ ಮೇಲೆ ನಿಂತದ್ದು, ಕನ್ನಡದ ಪದ್ಯವೋ ಗುರುಲಘುಗಳ ಮಾತ್ರೆಯ ಮೇಲೆ ನಿಂತದ್ದು. ಒಂದರ ಮಟ್ಟಿಗೆ ಇನ್ನೊಂದನ್ನು ಹೊಂದಿಸುವಾಗ ಗುರು ಬರಬೇಕಾದಲ್ಲಿ ಲಘು ಬಂದು, ಹಾಡುವವರು ಅಕ್ಷರವನ್ನು ಎಳೆಯಬೇಕಾಗುವುದುಂಟು. ಹಳೆಯ ಕೆಲವು ಗೀತೆಗಳಲ್ಲಿ ಈ ತೊಡಕು ಇಂದಿಗೂ ಕಿವಿಗೆ ತಾಗುತ್ತದೆ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರು 1862ರಲ್ಲಿ ಕಥಾಮಾಲೆಯೆಂಬ ಹೆಸರಿನಿಂದ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಬರೆದದ್ದೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದೂ ಇದೇ ತೊಡಕಿನ ಪರಿಹಾರದ ದಾರಿಯಲ್ಲಿ ಇಟ್ಟ ಹೆಜ್ಜೆಗಳೆಂದು ಕಾಣಬಹುದು. ಮೋಗ್ಲಿಂಗನ ಉದ್ಯೋಗವಂತೂ ಇನ್ನೂ ವಿಶಾಲವಾದದ್ದು; ಮಂಗಳೂರಿನ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದಲೇ 1850ರಲ್ಲಿ ದಾಸರ ಪದಗಳ ಸಂಗ್ರಹವೂ ಹೊರಬಂದಿತು. ಪುರಂದರ ಕನಕ ವಿಜಯದಾಸರ ಪರಂಪರೆಯ ಪದಗಳಿಗೂ ಲೂಥರನ ಪರಂಪರೆಯ ಕೊರಾಲುಗಳಿಗೂ ಒಂದೇ ಅಚ್ಚಿನ ಮನೆ ಆಶ್ರಯವಾದ ಆ ವರ್ಷಗಳನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು.

ನಮ್ಮ ತುಮಕೂರು ಸೀಮೆಗೆ ಈ ಗಾನವು ಬಂದ ದಾರಿ ಬೇರೆ. ಇಲ್ಲಿ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು; 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿದನು, 1839ರಲ್ಲಿ ಬಂದ ತರುಣ ವಿಲಿಯಂ ಆರ್ಥರನು ಅಲ್ಲಿ ಕೆಲಕಾಲ ಕನ್ನಡದಲ್ಲಿ ಬೋಧಿಸಿ, ದೇಹಸ್ಥಿತಿ ಕೆಟ್ಟು ಹಿಂದಿರುಗಿ, ಮೈಸೂರು ಸೀಮೆಯ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಬರೆದನು. ವೆಸ್ಲಿಯ ಪಂಥಕ್ಕೆ ಹಾಡೇ ಪ್ರಾಣ. ಪಂಥದ ಸಂಸ್ಥಾಪಕನಾದ ಜಾನ್ ವೆಸ್ಲಿಯು 1758ರ ಆಗಸ್ಟಿನಲ್ಲಿ ಬ್ರಿಸ್ಟಲಿನ ಮಹಾದೇವಾಲಯದಲ್ಲಿ ಮೆಸೈಯಾವನ್ನು ಕೇಳಿದವನು; ಅವನ ತಮ್ಮ ಚಾರ್ಲ್ಸ್ ವೆಸ್ಲಿ ಬರೆದ ಮೂರು ಹಾಡುಗಳಿಗೆ ಹ್ಯಾಂಡಲನೇ ಮಟ್ಟು ಕಟ್ಟಿದ್ದನು. ಆ ಮಟ್ಟುಗಳ ಹಸ್ತಪ್ರತಿಯನ್ನು ಚಾರ್ಲ್ಸನ ಮಗನಾದ ಸಂಗೀತಗಾರ ಸ್ಯಾಮ್ಯುಯೆಲ್ ವೆಸ್ಲಿಯು 1826ರಲ್ಲಿ ಕೇಂಬ್ರಿಡ್ಜಿನ ಸಂಗ್ರಹಾಲಯವೊಂದರಲ್ಲಿ ಕಂಡು ಅಚ್ಚು ಹಾಕಿಸಿದನು. ಅದಾದ ಹನ್ನೊಂದೇ ವರ್ಷಕ್ಕೆ ಅದೇ ಪಂಥದ ಬೋಧಕರು ಗುಬ್ಬಿಯಲ್ಲಿ ಮನೆ ಹೂಡಿದರು. ಮಂಗಳೂರು ಧಾರವಾಡಗಳಿಗೆ ಬಾಖನ ಆಧಾರವಾದ ಕೊರಾಲ್ ಬಂದಂತೆ, ತುಮಕೂರಿನ ಸೀಮೆಗೆ ಹ್ಯಾಂಡಲನ ಸ್ನೇಹವಿದ್ದ ಇಂಗ್ಲಿಷ್ ಗೀತಪರಂಪರೆ ಬಂದಿತು. ಎರಡೂ ಕಡೆಗಳಲ್ಲಿ ಕಾಲಾನಂತರ ಪಾಶ್ಚಾತ್ಯ ಮಟ್ಟಿನ ಗೀತೆಗಳೊಡನೆ ದೇಶೀಯ ರಾಗಗಳ ಕೀರ್ತನೆಗಳೂ ಸೇರಿ, ಕನ್ನಡ ಕ್ರೈಸ್ತಸಭೆಯ ಹಾಡಿನ ಪುಸ್ತಕವು ಎರಡು ಕಣ್ಣುಗಳುಳ್ಳದ್ದಾಯಿತು. ಗುಬ್ಬಿಯಲ್ಲಿಯೇ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ರಂಗದ ಮೇಲೆ ಮುಂದೆ ಲೆಗ್ ಹಾರ್ಮೋನಿಯಂ ಮೆರೆದದ್ದನ್ನು ನೆನೆದರೆ, ಪಶ್ಚಿಮದ ಒಂದೇ ವಾದ್ಯವು ಪ್ರಾರ್ಥನೆಯ ಮನೆಯಲ್ಲಿಯೂ ನಾಟಕದ ಮನೆಯಲ್ಲಿಯೂ ಕನ್ನಡ ಕಲಿತ ಬಗೆ ಮನಸ್ಸಿಗೆ ಬರುತ್ತದೆ.

ಮೈಸೂರಿನ ಅರಮನೆಯಲ್ಲಿಯೂ ಪಾಶ್ಚಾತ್ಯ ಸಂಗೀತಕ್ಕೆ ಆಶ್ರಯವಿತ್ತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರಾದವರು. ರಷ್ಯದ ರಚನಕಾರ ಮೆಟ್ನರನ ಕೃತಿಗಳ ಧ್ವನಿಮುದ್ರಣವು ಅವರ ಔದಾರ್ಯದ ಫಲ. ಅದು ರಸಿಕನೊಬ್ಬನ ದೊಡ್ಡ ದಾನ, ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ನಾನು ಹೇಳುತ್ತಿರುವ ಗಾನವು ಅರಮನೆಯ ದಾರಿಯಿಂದ ಬಂದದ್ದಲ್ಲ. 1904ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ದೇವಾಲಯದಂತಹ ಕನ್ನಡ ಆರಾಧನೆಯ ನೆಲೆಗಳಲ್ಲಿ, 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟು ವೆಸ್ಲಿಯನ್ನರೂ ಆಂಗ್ಲಿಕನ್ನರೂ ಒಂದಾದ ಮೇಲೆ ಅದರ ಸಣ್ಣಸಣ್ಣ ಊರುಗಳ ದೇವಾಲಯಗಳಲ್ಲಿ, ನೇಕಾರರೂ ಉಪಾಧ್ಯಾಯರೂ ದಾದಿಯರೂ ಭಾನುವಾರದಿಂದ ಭಾನುವಾರಕ್ಕೆ ಹಾಡಿ ಉಳಿಸಿಕೊಂಡು ಬಂದದ್ದು ಅದು. ಡಿಸೆಂಬರಿನಲ್ಲಿ ಬೆಂಗಳೂರಿನ ಗಾಯಕವೃಂದಗಳು ಮೆಸೈಯಾದ ಭಾಗಗಳನ್ನು ಹಾಡುವಾಗ, ಆ ಸಾಲುಗಳಲ್ಲಿ ನಿಂತಿರುವ ಎಷ್ಟೋ ಜನರಿಗೆ ನಾಲ್ಕು ಕಂಠಗಳ ಹೊಂದಾಣಿಕೆಯ ಮೊದಲ ಪಾಠವಾದದ್ದು ಇಂತಹ ಊರುಗಳ ಕ್ವಾಯರಿನಲ್ಲಿ, ಹಾರ್ಮೋನಿಯಮ್ಮಿನ ಪಕ್ಕದಲ್ಲಿ.

ತುಮಕೂರು ಜಿಲ್ಲೆಯ ಸಭೆಗಳ ಹಿರಿಯರಲ್ಲಿಯೂ ಸಭಾಪಾಲಕರಲ್ಲಿಯೂ ನನ್ನದೊಂದು ಬಿನ್ನಹವುಂಟು. ಹಳೆಯ ದೇವಾಲಯಗಳ ಬೀರುಗಳಲ್ಲಿ ಉಳಿದಿರಬಹುದಾದ ಹಾಡಿನ ಪುಸ್ತಕಗಳನ್ನೂ, ಕೈಯಿಂದ ಬರೆದ ಸ್ವರಲಿಪಿಯ ಹಾಳೆಗಳನ್ನೂ ಗೆದ್ದಲಿಗೆ ಬಿಡದೆ ಹೊರತೆಗೆದು ಪ್ರತಿಮಾಡಿಸಿರಿ. ಮಂದ್ರದ ಸಾಲನ್ನೂ ಮಧ್ಯಮದ ಸಾಲನ್ನೂ ಪುಸ್ತಕವಿಲ್ಲದೆ ಹಾಡಬಲ್ಲ ವೃದ್ಧರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೂರಿಸಿ ಅವರ ಕಂಠವನ್ನು ಧ್ವನಿಮುದ್ರಿಸಿಕೊಳ್ಳಿರಿ. ಬೆಂಗಳೂರಿನ ಗಾಯಕವೃಂದಗಳಿಗೆ ಇನ್ನೊಂದು ಮಾತು: ಕ್ರಿಸ್ಮಸ್ ಒರಟೋರಿಯೋದ ಎರಡನೆಯ ಭಾಗ, ಕುರುಬರ ಆ ಭಾಗ, ಸುಮಾರು ಅರ್ಧ ಗಂಟೆಯದು, ಅದಕ್ಕೆ ತುತ್ತೂರಿಯೂ ಬೇಡ, ನಗಾರಿಯೂ ಬೇಡ. ಒಂದು ಡಿಸೆಂಬರಿನಲ್ಲಿ ಅದನ್ನು ಶಿರಾಕ್ಕೋ ಮಧುಗಿರಿಗೋ ತಂದು, ಕೊರಾಲುಗಳನ್ನು ಕನ್ನಡದಲ್ಲಿ ಊರ ಸಭೆಯಿಂದಲೇ ಹಾಡಿಸಿ, ಅದೇ ವೇದಿಕೆಯ ಮೇಲೆ ಗಣೆ ಊದುವ ಕಾಡುಗೊಲ್ಲ ಗಾಯಕರನ್ನೂ ಗೌರವದಿಂದ ಕರೆದು ಕೂರಿಸಿರಿ. ದಾರಿ ಬೆಂಗಳೂರಿನಿಂದ ನೂರಿಪ್ಪತ್ತು ಕಿಲೋಮೀಟರಿನಷ್ಟೇ.